ಕೊಚ್ಚಿಯಲ್ಲಿ ನಿಲ್ಲದ ಹಡಗು

ನಾನು ನಿಂತಿದ್ದದ್ದು ಹಡಗಿನ ಮೇಲ್ಗಡೆಯ ಡೆಕ್ಕಿನಲ್ಲಿ, ಎಡಗಡೆಯ ಕಂಬಿ ಹಿಡಿದುಕೊಂಡು, ಐಸ್‌ಕ್ರೀಂ ಕೌಂಟರಿಗೂ ಟೇಬಲ್ ಟೆನಿಸ್ ಮೇಜಿಗೂ ನಡುವೆ. ಏಪ್ರಿಲ್ ತಿಂಗಳ ಕೊನೆಯ ವಾರ, ಮಧ್ಯಾಹ್ನ ನಾಲ್ಕು ಗಂಟೆ ದಾಟಿತ್ತು. ಸೂರ್ಯ ನನ್ನ ಬೆನ್ನಿಗಿದ್ದ, ಕೊಚ್ಚಿ ನನ್ನ ಎದುರಿಗಿತ್ತು. ನನ್ನ ಬಲಕ್ಕೆ ಪದ್ಮತ್ತೆ, ಅವರ ಬಲಕ್ಕೆ ನನ್ನ ಹೆಂಡತಿ ವನಜ. ಸ್ವಲ್ಪ ಹಿಂದೆ ಒಂದು ಆರಾಮ ಕುರ್ಚಿಯಲ್ಲಿ ನಂಜೇಗೌಡರು. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಯಾರು ಎಲ್ಲಿ ನಿಂತಿದ್ದರು, ಯಾರಿಗೆ ಎಷ್ಟು ಕಾಣಿಸಿತು ಎಂಬುದರ ಮೇಲೆ ಆಮೇಲೆ ನಮ್ಮ ಮನೆಯಲ್ಲಿ ವಾರಗಟ್ಟಲೆ ವಾದ ನಡೆಯಿತು.

ಇದನ್ನೆಲ್ಲ ಈಗ ನೆನೆಯಲು ಕಾರಣ ಒಂದು ಮುಚ್ಚಳ. ನಿಮ್ಮ ಮನೆಯಲ್ಲೂ ಒಂದು ಇರಬೇಕು ನೋಡಿ, ಯಾವ ಡಬ್ಬಿಗೂ ಕೂರದ ಸ್ಟೀಲ್ ಮುಚ್ಚಳ. ಎಸೆಯಲು ಮನಸ್ಸು ಬರುವುದಿಲ್ಲ, ಉಪಯೋಗಕ್ಕೂ ಬರುವುದಿಲ್ಲ. ಬಸವನಗುಡಿಯ ನಮ್ಮ ಅಡುಗೆಮನೆಯಲ್ಲಿ ಅಂಥದ್ದು ಗೋಡೆಗೆ ಒರಗಿ ನಿಂತಿದೆ. ನಿನ್ನೆ ವನಜ ಶೆಲ್ಫು ಒರೆಸುತ್ತಾ ಅದನ್ನು ಕೆಳಗೆ ಬೀಳಿಸಿದಳು. ಅದು ಉರುಳಿಕೊಂಡು ನನ್ನ ಕಾಲಿನ ಹತ್ತಿರ ಬಂದು, ಗಿರಗಿರನೆ ಸುತ್ತಿ, ಹೆಸರು ಮೇಲೆ ಮಾಡಿಕೊಂಡು ಮಲಗಿತು. ಹೆಸರು ‘ಪದಾವತಿ’. ಇರಬೇಕಾದದ್ದು ಪದ್ಮಾವತಿ. ಆ ಕಾಲದಲ್ಲಿ ಮದುವೆಗೆ ಪಾತ್ರೆ ಉಡುಗೊರೆ ಕೊಡುವವರು ಚಿಕ್ಕಪೇಟೆಯ ಅಂಗಡಿಯಲ್ಲೇ ಹೆಸರು ಕೊರೆಸಿ ಕೊಡುತ್ತಿದ್ದರು. ಕೊಟ್ಟವರ ನೆನಪು ತೆಗೆದುಕೊಂಡವರ ಅಡುಗೆಮನೆಯಲ್ಲಿ ಉಳಿಯಲಿ ಎಂದು. ಕೊರೆಯುವವನು ಒಂದು ಒತ್ತಕ್ಷರ ನುಂಗಿಬಿಟ್ಟ. ಪದ್ಮತ್ತೆ ನೋಡಿದ್ದು ಗೆಳತಿಯ ಮದುವೆ ಮಂಟಪದಲ್ಲಿ, ಉಡುಗೊರೆ ಕೊಡುವಾಗ. ಆಗ ಬದಲಾಯಿಸುವ ಹಾಗಿರಲಿಲ್ಲ. ಪ್ರೈಮರಿ ಶಾಲೆಯ ಕನ್ನಡ ಮೇಡಂ ಆಗಿ, ಇಡೀ ಚಾಮರಾಜಪೇಟೆಯ ಮಕ್ಕಳ ಒತ್ತಕ್ಷರ ತಿದ್ದಿದವರಿಗೆ ತಮ್ಮ ಹೆಸರಿನದ್ದನ್ನೇ ತಿದ್ದಲಾಗಲಿಲ್ಲ.

ಪದ್ಮತ್ತೆ ನನ್ನ ತಂದೆಯ ತಂಗಿ. ಮದುವೆಯಾಗಲಿಲ್ಲ. ಕೆಲಸದಿಂದ ನಿವೃತ್ತಿಯಾದ ಮೇಲೆ ನಮ್ಮ ಜೊತೆಗೇ ಇದ್ದರು. ಅವರಿಗೆ ಒಂದು ಅಭ್ಯಾಸವಿತ್ತು. ಫೋನಿನಲ್ಲಿ ಮಾತು ಮುಗಿಸುವಾಗ ಎಲ್ಲರ ಹಾಗೆ ‘ಇಡ್ತೀನಿ’ ಅನ್ನುತ್ತಿರಲಿಲ್ಲ. ಅದು ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿದ ಹಾಗೆ ಅನ್ನುತ್ತಿದ್ದರು. ಬಾಗಿಲಲ್ಲಿ ನಿಂತು ಹೊರಡುವವರ ಹಾಗೆ, ‘ಸರಿ ಹಾಗಾದ್ರೆ, ಬರ್ತೀನಿ’ ಅನ್ನುತ್ತಿದ್ದರು. ಒಮ್ಮೆ ಗಾಂಧಿ ಬಜಾರಿನ ದರ್ಜಿಗೆ ಫೋನು ಮಾಡಿ, ರವಿಕೆ ನಾಳೆ ತೆಗೆದುಕೊಳ್ಳುತ್ತೇನೆ, ಬರ್ತೀನಿ, ಎಂದರು. ಆ ಪುಣ್ಯಾತ್ಮ ಕೊನೆಯ ಮಾತನ್ನು ನಂಬಿ ಅಂಗಡಿಯ ಶಟರನ್ನು ಅರ್ಧ ಎಳೆದು ಕಾದುಕೊಂಡು ಕೂತಿದ್ದನಂತೆ. ಮಾರನೇ ದಿನ ರವಿಕೆಯ ಜೊತೆ ಮುಖವನ್ನೂ ಊದಿಸಿಕೊಂಡು ಕೊಟ್ಟ. ನಾವು ಅತ್ತೆಯನ್ನು ಬಹಳ ದಿನ ರೇಗಿಸಿದೆವು. ಅಭ್ಯಾಸ ಮಾತ್ರ ಬಿಡಲಿಲ್ಲ.

ಹಡಗಿನ ಕಥೆಗೂ ಈ ಅಭ್ಯಾಸಕ್ಕೂ ಸಂಬಂಧವಿದೆ. ಹೇಳುತ್ತೇನೆ. ಅದಕ್ಕೆ ಮೊದಲು ರಾಜಲಕ್ಷ್ಮಿಯವರನ್ನು ಪರಿಚಯಿಸಬೇಕು.

ಚಾಮರಾಜಪೇಟೆಯಲ್ಲಿ ನಮ್ಮ ಅಜ್ಜನ ಮನೆಯ ಎದುರು ಸಾಲಿನಲ್ಲಿ ರಾಜಲಕ್ಷ್ಮಿಯವರ ಮನೆ. ನಡುವೆ ಒಂದು ರಸ್ತೆ, ಎರಡೂ ಕಡೆ ತಾರಸಿ. ಬೇಸಿಗೆಯ ಮಧ್ಯಾಹ್ನ ದೊಡ್ಡವರು ಉಂಡು ಮಲಗಿದಾಗ ಇಬ್ಬರು ಹುಡುಗಿಯರೂ ತಂತಮ್ಮ ತಾರಸಿ ಹತ್ತಿ, ಕೈಗನ್ನಡಿಯಿಂದ ಬಿಸಿಲನ್ನು ಆ ಕಡೆಗೆ ಹೊಡೆಯುತ್ತಿದ್ದರು. ಕೂಗಿದರೆ ಮಲಗಿದವರು ಏಳುತ್ತಾರಲ್ಲ. ಒಂದು ಸಲ ಹೊಳೆಸಿದರೆ ‘ಬಾ’. ಎರಡು ಸಲ, ‘ಆಗಲ್ಲ’. ಮೂರು ಸಲ, ‘ಬರ್ತೀನಿ’. ಇದಕ್ಕೊಂದು ಕಾನೂನೂ ಇತ್ತು. ತಾರಸಿಯಿಂದ ಹೇಳಿದ್ದನ್ನು ಕೆಳಗೆ ಬಂದು ಬಾಯಲ್ಲಿ ಕೇಳಬಾರದು. ಕೇಳಿದರೆ ಆಟ ಕೆಟ್ಟ ಹಾಗೆ. ಈ ಕನ್ನಡಿಯ ಬೆಳಕು ಎಷ್ಟೋ ಸಲ ಪಕ್ಕದ ಮನೆಯ ಮುದುಕರ ಬೋಳುತಲೆಯ ಮೇಲೆ ಕೂತು ದೂರು ಬಂದದ್ದನ್ನು ನಾನು ಅಜ್ಜಿಯ ಬಾಯಲ್ಲಿ ಕೇಳಿದ್ದೇನೆ.

ರಾಜಲಕ್ಷ್ಮಿಯವರ ಮದುವೆಯಾಯಿತು. ಗಂಡ ಬ್ಯಾಂಕಿನವರು, ಕೊಚ್ಚಿಗೆ ವರ್ಗವಾಗಿ ಹೋದವರು ಅಲ್ಲೇ ಮನೆ ಕಟ್ಟಿದರು. ಈಗ ಗಂಡ ಇಲ್ಲ. ಫೋರ್ಟ್ ಕೊಚ್ಚಿಯಲ್ಲಿ ಕಡಲಿಗೆ ಹತ್ತಿರ ಮಗನ ಮನೆ. ಗೆಳತಿಯರು ಯಾವುದೋ ಮದುವೆಯಲ್ಲಿ ಕೊನೆಯ ಸಲ ಭೇಟಿಯಾಗಿ ಬಹಳ ವರ್ಷವಾಗಿತ್ತು. ಕೊಚ್ಚಿಗೆ ರೈಲಿಲ್ಲವೇ ಎಂದು ನೀವು ಕೇಳುತ್ತೀರಿ. ಇದೆ, ದಿನಾ ಇದೆ. ಅದೇ ತೊಂದರೆ. ಯಾವತ್ತು ಬೇಕಾದರೂ ಹೋಗಬಹುದಾದ ಊರಿಗೆ ನಾವು ಹೋಗುವುದೇ ಇಲ್ಲ. ಮೊದಲು ಇವರ ಶಾಲೆ, ಆಮೇಲೆ ಅವರ ಮೊಮ್ಮಕ್ಕಳು, ಆಮೇಲೆ ಅವರ ಮಂಡಿ. ಮಂಡಿ ಹೋದ ಮೇಲೆ ರಾಜಲಕ್ಷ್ಮಿ ಕಡಲ ದಡದವರೆಗೆ ಕೋಲೂರಿ ಹೋಗಿಬರುವುದೊಂದು ಬಿಟ್ಟರೆ ಬೇರೆ ಎಲ್ಲಿಗೂ ಹೋಗುವುದನ್ನು ನಿಲ್ಲಿಸಿದ್ದರು.

ಹಡಗಿನ ಯೋಚನೆ ನಂಜೇಗೌಡರದ್ದು. ಗೌಡರು ನಮ್ಮ ಬೆಳಗಿನ ವಾಕಿಂಗ್ ಗುಂಪಿನ ಮುಖ್ಯಸ್ಥರು. ಸೈಟು, ಮನೆ ಕೊಡಿಸುವ ವ್ಯವಹಾರ ಅವರದ್ದು, ಮಾತು ಮನೆಯ ಅಡಿಪಾಯದಷ್ಟೇ ಗಟ್ಟಿ. ಮುಂಬೈಯಲ್ಲಿ ಹತ್ತಿ, ಗೋವಾ, ಕೊಚ್ಚಿ ನೋಡಿ, ಮತ್ತೆ ಮುಂಬೈಗೆ ಬರುವುದು ಎಂದು ಒಂದು ಬೆಳಿಗ್ಗೆ ಪಾರ್ಕಿನಲ್ಲಿ ಘೋಷಿಸಿದರು. ಪದ್ಮತ್ತೆಗೆ ಸಮುದ್ರ ಎಂದರೆ ಅಷ್ಟಕ್ಕಷ್ಟೆ. ಆದರೆ ‘ಕೊಚ್ಚಿ’ ಎಂಬ ಮಾತು ಕಿವಿಗೆ ಬಿದ್ದದ್ದೇ, ನಾನೂ ಬರ್ತೀನಿ, ಎಂದರು. ಹೊರಡುವ ಹಿಂದಿನ ವಾರ ಪೂರ್ತಿ ಚಟ್ನಿಪುಡಿ ಕುಟ್ಟಿದರು, ಅರಳುಸಂಡಿಗೆ ಒಣಗಿಸಿದರು. ಹಡಗು ಒಳಗೆ ಬರುವುದನ್ನು ದಡದಲ್ಲೇ ನಿಂತು ನೋಡುತ್ತೇನೆ, ಕೋಡುಬಳೆ ತಂದಿರುತ್ತೇನೆ ಎಂದು ರಾಜಲಕ್ಷ್ಮಿ ಹೇಳಿದ್ದರು.

ಕೊಚ್ಚಿಯ ದಿನ ಮಧ್ಯಾಹ್ನ ಎಲ್ಲರೂ ಇಳಿಯುವ ಬಟ್ಟೆ ಹಾಕಿಕೊಂಡು ಮೆಟ್ಟಿಲ ಮೇಲೆ ಸಾಲು ನಿಂತಿದ್ದೆವು. ಪದ್ಮತ್ತೆ ಮೈಸೂರು ಸಿಲ್ಕ್ ಉಟ್ಟಿದ್ದರು, ಕೈಯಲ್ಲಿ ಚಟ್ನಿಪುಡಿಯ ಚೀಲ. ಅಷ್ಟರಲ್ಲಿ ಮೈಕಿನಿಂದ ಜೇನಿನಂಥ ದನಿಯೊಂದು ಬಂತು. ಬಂದರಿನ ಬಾಯಲ್ಲಿ ಅಲೆ ಹೆಚ್ಚಾಗಿದೆ, ದಾರಿ ತೋರಿಸುವ ಪೈಲಟ್‌ನ ದೋಣಿ ಹಡಗಿನ ಪಕ್ಕಕ್ಕೆ ಬರಲು ಆಗುತ್ತಿಲ್ಲ, ಆದ್ದರಿಂದ ಈ ಸಲ ಕೊಚ್ಚಿಯಲ್ಲಿ ನಿಲ್ಲುವುದಿಲ್ಲ, ಕ್ಷಮಿಸಿ, ಇವತ್ತು ಐಸ್‌ಕ್ರೀಂ ಎಲ್ಲರಿಗೂ ಉಚಿತ.

ಹಡಗು ಊರು ತಪ್ಪಿಸಿದಾಗ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನೋಡಿದ್ದನ್ನು ಹೇಳುತ್ತೇನೆ. ಮೊದಲು ಯಾರೂ ಸಾಲು ಬಿಡುವುದಿಲ್ಲ. ಸಾಲು ಬಿಟ್ಟರೆ ನಿಜವಾಗಿಬಿಡುತ್ತದೆ ಎಂಬಂತೆ ನಿಂತಿರುತ್ತಾರೆ. ಆಮೇಲೆ ಎಲ್ಲರೂ ಆಕಾಶ ನೋಡುತ್ತಾರೆ. ಆಕಾಶ ತೊಳೆದಿಟ್ಟ ಹಾಗಿತ್ತು, ಬಿಸಿಲು ಸುಡುತ್ತಿತ್ತು, ಮೋಡದ ಚೂರೂ ಇಲ್ಲ. ಎಲ್ಲೋ ದೂರದ ಸಮುದ್ರದಲ್ಲಿ ಎದ್ದ ಅಲೆ ಇಲ್ಲಿ ಬಂದು ಬಡಿಯುತ್ತದೆ ಎಂದು ಒಬ್ಬ ಸಿಬ್ಬಂದಿ ವಿವರಿಸಿದ. ಅವನನ್ನು ಯಾರೂ ನಂಬಲಿಲ್ಲ. ಡೀಸೆಲ್ ಉಳಿಸೋಕೆ ಸ್ವಾಮಿ, ಎಂದರು ಗೌಡರು. ಬಂದರಿನಲ್ಲಿ ಮುಷ್ಕರವಂತೆ ಎಂದು ಇನ್ನೊಬ್ಬರು. ಮಕ್ಕಳು ಮಾತ್ರ ಶರವೇಗದಲ್ಲಿ ಬಟ್ಟೆ ಬಿಚ್ಚಿ ಈಜುಕೊಳಕ್ಕೆ ಹಾರಿದವು. ಸ್ವಲ್ಪ ಹೊತ್ತಿಗೆ ತಂಬೋಲ ಆಟ ಶುರುವಾಯಿತು.

ನನಗೆ ನೆನಪಾದದ್ದು ನಮ್ಮ ಹಳೇ ಸಿಟಿ ಬಸ್ಸುಗಳು. ಓದುವ ದಿನಗಳಲ್ಲಿ ತ್ಯಾಗರಾಜನಗರದ ಸ್ಟಾಪಿನಲ್ಲಿ ನಿಂತಿರುತ್ತಿದ್ದೆ. ತುಂಬಿದ ಬಸ್ಸು ವಾಲಿಕೊಂಡು ಬರುವುದು. ಡ್ರೈವರ್ ಸ್ಟಾಪಿನಲ್ಲಿ ನಿಲ್ಲಿಸಿದರೆ ಅವನ ಮರ್ಯಾದೆಗೆ ಕಡಿಮೆ. ಒಂದೋ ಹಿಂದೆಯೇ ನಿಲ್ಲಿಸುವನು, ಇಲ್ಲ ಮುಂದೆ ಹೋಗಿ ನಿಲ್ಲಿಸುವನು. ಅವನ ಮುಖ ನೋಡಿ ಯಾವುದು ಎಂದು ಊಹಿಸಿ ಓಡುವುದು ಒಂದು ವಿದ್ಯೆ. ನನ್ನ ಊಹೆ ಯಾವಾಗಲೂ ತಪ್ಪು. ಪುಸ್ತಕ ಎದೆಗವಚಿಕೊಂಡು ಹಿಂದಕ್ಕೆ ಓಡಿದರೆ ಬಸ್ಸು ಮುಂದಕ್ಕೆ. ನಿಲ್ಲಿಸದೆಯೇ ಹೋದಾಗ ಕಂಡಕ್ಟರ್ ಬಾಗಿಲಿನಿಂದ ತಲೆ ಹೊರಗೆ ಹಾಕಿ, ‘ಹಿಂದೆ ಖಾಲಿ ಬರ್ತಿದೆ, ಹಿಂದೆ ಖಾಲಿ’ ಎಂದು ಕೂಗುತ್ತಿದ್ದ. ಆ ಖಾಲಿ ಬಸ್ಸನ್ನು ನಮ್ಮ ಕಾಲದ ಯಾರೂ ಕಣ್ಣಾರೆ ಕಂಡಿಲ್ಲ. ಆದರೆ ಆ ಮಾತು ಕೇಳಿದರೆ ಒಂದು ಸಮಾಧಾನ.

ಪದ್ಮತ್ತೆಯೂ ಅದೇ ಬಸ್ಸುಗಳಲ್ಲಿ ಓಡಾಡಿದವರು. ನೇರ ಹಡಗಿನ ವಿಚಾರಣೆ ಕೌಂಟರಿಗೆ ಹೋಗಿ, ಅಲ್ಲಿದ್ದ ನೀಲಿ ಕೋಟಿನ ಹುಡುಗಿಗೆ, ಮುಂದೆ ಎಲ್ಲಾದರೂ ಸ್ವಲ್ಪ ನಿಧಾನ ಮಾಡಿದರೆ ಇಳಿದುಕೊಳ್ಳುತ್ತೇವೆ ಎಂದರು. ಇಂಗ್ಲಿಷಿನಲ್ಲಿಯೇ ಹೇಳಿದರು, ಆದರೆ ಹುಡುಗಿಗೆ ಅರ್ಥವಾಗಲಿಲ್ಲ. ಹಿಂದೆ ಇನ್ನೊಂದು ಹಡಗು ಬರುತ್ತದೆಯೇ ಎಂದು ಕೇಳಿದರು. ಹುಡುಗಿ ನಕ್ಕಳು. ಅತ್ತೆ ನಗಲಿಲ್ಲ. ಹಿಂದೆ ಖಾಲಿ ಬರ್ತಿದೆ ಎಂದು ಸುಳ್ಳಾದರೂ ಹೇಳುವವರು ಆ ಹಡಗಿನಲ್ಲಿ ಯಾರೂ ಇರಲಿಲ್ಲ.

ದಡ ಹತ್ತಿರವಿದ್ದದ್ದರಿಂದ ಫೋನಿಗೆ ಒಂದೊಂದು ಕಡ್ಡಿ ಸಿಗ್ನಲ್ ಬರುತ್ತಿತ್ತು, ಹೋಗುತ್ತಿತ್ತು. ಅತ್ತೆ ನನ್ನ ಫೋನು ತೆಗೆದುಕೊಂಡು ರಾಜಲಕ್ಷ್ಮಿಗೆ ಮಾಡಿದರು. ಹಡಗು ನಿಲ್ಲುವುದಿಲ್ಲ, ದಡಕ್ಕೆ ಹೋಗಬೇಡ, ಬಿಸಿಲಲ್ಲಿ ನಿಲ್ಲಬೇಡ ಎಂದು ತರಗತಿಗೆ ಪಾಠ ಹೇಳುವ ದನಿಯಲ್ಲಿ ಹೇಳಿದರು. ಕೊನೆಗೆ, ಅಭ್ಯಾಸಬಲ, ‘ಸರಿ ಹಾಗಾದ್ರೆ, ಬರ್ತೀನಿ’ ಎಂದರು. ಆ ಕಡೆಗೆ ತಲುಪಿದ್ದು ಆ ಕೊನೆಯ ಒಂದು ಮಾತು ಮಾತ್ರ. ಅದು ನಮಗೆ ತಿಳಿದದ್ದು ಬಹಳ ಆಮೇಲೆ.

ಡೆಕ್ಕಿಗೆ ಬಂದು ನಿಂತೆವು. ಹಡಗು ಹೊರಸಮುದ್ರದಲ್ಲಿ ಸುಮ್ಮನೆ ನಿಂತಿತ್ತು. ದಡ ಎಷ್ಟು ದೂರ ಎಂದು ಹೇಳಲಾರೆ. ಮರಗಳು ತೆಂಗಿನವು ಎಂದು ತಿಳಿಯುವಷ್ಟು ಹತ್ತಿರ, ಜನ ಇದ್ದಾರೋ ಇಲ್ಲವೋ ತಿಳಿಯದಷ್ಟು ದೂರ. ನನ್ನ ಸರ್ವೀಸೆಲ್ಲ ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಡೆಮಾನ್ಸ್ಟ್ರೇಟರ್ ಆಗಿ ಕಳೆಯಿತು. ಲೋಲಕ ಎಷ್ಟು ಸಲ ತೂಗಿತು ಎಣಿಸು, ಕಂಡಷ್ಟು ಬರಿ, ಕಾಣದ್ದನ್ನು ಬರೀಬೇಡ ಎಂದು ಹುಡುಗರಿಗೆ ಹೇಳಿಕೊಂಡು ಬಂದವನು. ಆದ್ದರಿಂದ ಕಂಡಷ್ಟನ್ನೇ ಬರೆಯುತ್ತೇನೆ.

ತೆಂಗಿನ ಮರಗಳ ಬುಡದಲ್ಲಿ, ಬಿಳಿಯ ಕಟ್ಟಡವೊಂದರ ಎಡಕ್ಕೆ, ಏನೋ ಪಳಕ್ಕನೆ ಹೊಳೆಯಿತು. ತಕ್ಷಣವೇ ಇನ್ನೊಮ್ಮೆ.

ಅತ್ತೆಯ ಕೈ ನನ್ನ ಮುಂಗೈಯನ್ನು ಹಿಡಿಯಿತು. ‘ರಾಜಿ,’ ಎಂದರು.

‘ಆಟೋ ಗ್ಲಾಸು ಕಣಮ್ಮಾ ಅದು,’ ಎಂದರು ಗೌಡರು ಕುರ್ಚಿಯಿಂದಲೇ.

ಅತ್ತೆ ಕೇಳಿಸಿಕೊಳ್ಳಲಿಲ್ಲ. ಹೊಳೆಯುವಂಥದ್ದು ಏನಾದರೂ ಕೊಡು ಎಂದರು. ವನಜ ತನ್ನ ಪೌಡರ್ ಡಬ್ಬಿಯ ಕನ್ನಡಿಯನ್ನು ತೆಗೆದುಕೊಟ್ಟು, ಕರಗುತ್ತಿದ್ದ ಐಸ್‌ಕ್ರೀಮನ್ನು ಕಸದ ಬುಟ್ಟಿಗೆ ಹಾಕಲು ಆ ಕಡೆ ತಿರುಗಿದಳು. ಸೂರ್ಯ ಬೆನ್ನ ಹಿಂದಿದ್ದದ್ದರಿಂದ ಕನ್ನಡಿಯನ್ನು ಹೆಚ್ಚುಕಡಿಮೆ ಆಕಾಶ ನೋಡುವ ಹಾಗೆ ಮಲಗಿಸಿ ಹಿಡಿಯಬೇಕಿತ್ತು. ನಾನು ಅತ್ತೆಯ ಮಣಿಕಟ್ಟು ಹಿಡಿದು ಕೋನ ಸರಿಮಾಡಿದೆ. ನನ್ನ ಪಾಠ ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಅತ್ತೆ ಒಂದು ಸಲ ಹೊಳೆಸಿದರು. ಒಂದೇ ಸಲ.

ಆಗ ಹಡಗು ತಿರುಗಿತು. ಅಷ್ಟು ದೊಡ್ಡ ವಸ್ತು, ಒಳಗೆ ಒಂದು ಪೇಟೆಯಷ್ಟು ಜನ, ಒಂದು ಸದ್ದಿಲ್ಲ, ಒಂದು ಕುಲುಕಾಟವಿಲ್ಲ. ಊರೇ ಜಾರಿಕೊಂಡು ಪಕ್ಕಕ್ಕೆ ಹೋದ ಹಾಗೆ ಕಂಡಿತು. ಬಸ್ಸಾದರೆ ಬಡಿದು ಕೂಗಬಹುದು. ಇದಕ್ಕೆ ಎಲ್ಲಿ ಬಡಿಯುವುದು? ಅದೇ ಹೊತ್ತಿಗೆ, ಕಟ್ಟಡ ಮರೆಯಾಗುವ ಮೊದಲು, ಅದೇ ಜಾಗದಲ್ಲಿ ಮೂರನೆಯ ಸಲ ಹೊಳೆಯಿತು. ನಾನು ಕಂಡೆ.

ಅತ್ತೆ ಕಂಡಿರಲಿಲ್ಲ. ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಆ ಸಂಜೆ ನಮ್ಮ ಮೇಜಿನವರೆಲ್ಲ ಸೇರಿ ಹಡಗಿನ ಬ್ರೆಡ್ಡಿಗೆ ಆ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಬಡಿಸಿದ್ದು ಅತ್ತೆಯೇ. ಗೌಡರು ಎರಡು ಸಲ ಕೇಳಿ ಹಾಕಿಸಿಕೊಂಡು, ಹಡಗಲ್ಲಿ ಇದೊಂದೇ ಊಟ ಅನ್ನೋ ಹಾಗಿದ್ದದ್ದು, ಎಂದರು. ಅತ್ತೆ ನನ್ನ ಕಡೆ ತಿರುಗಿ ಕೇಳಿದರು:

‘ನೀನು ಎಷ್ಟು ಎಣಿಸ್ದೆ?’

‘ಮೂರು.’

‘ಎರಡು,’ ಎಂದಳು ವನಜ. ‘ಮೂರನೇದು ಎಲ್ಲಿತ್ತು? ಸುಮ್ನೆ ಅತ್ತೇಗೆ ಆಸೆ ಹುಟ್ಟಿಸ್ಬೇಡಿ.’

‘ಸೊನ್ನೆ,’ ಎಂದರು ಗೌಡರು. ‘ಆಟೋ.’

ಬೆಂಗಳೂರಿಗೆ ಬಂದ ಮೇಲೂ ಇದೇ. ಎರಡಾದರೆ ‘ಆಗಲ್ಲ’, ಮೂರಾದರೆ ‘ಬರ್ತೀನಿ’. ಫೋನು ಮಾಡಿ ಕೇಳಿದರೆ ಮುಗಿಯಿತಲ್ಲ ಎಂದು ವನಜ ಅಂದರೆ, ಅತ್ತೆ, ತಾರಸಿ ಮೇಲೆ ಹೇಳಿದ್ದನ್ನ ಕೆಳಗೆ ಬಂದು ಕೇಳೋ ಹಾಗಿಲ್ಲ, ಎಂದುಬಿಟ್ಟರು. ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಮಾವಿನಕಾಯಿ, ಸೊಸೆ, ಮಂಡಿಗೆ ಹಚ್ಚುವ ಎಣ್ಣೆ, ಎಲ್ಲ ಬಂದವು. ಇದೊಂದು ಬರಲಿಲ್ಲ. ಇತ್ತ ಅತ್ತೆ ತಮ್ಮ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸಿದರು. ಹಾಸಿಗೆಯನ್ನು ತಾರಸಿಯ ಬಿಸಿಲಿಗೆ ಹಾಕಿದರು. ಹೊಸದಾಗಿ ಚಟ್ನಿಪುಡಿ ಕುಟ್ಟಿದರು. ಆಧಾರ ನನ್ನ ಒಂದು ಅಂಕಿ.

ನಿಜ ಹೇಳುತ್ತೇನೆ, ನನಗೆ ದಿಗಿಲಾಯಿತು. ದಿನ ಕಳೆದ ಹಾಗೆ ಆ ಮೂರನೆಯ ಹೊಳಪು ನನ್ನ ನೆನಪಿನಲ್ಲಿ ತೆಳ್ಳಗಾಗುತ್ತಾ ಬಂತು. ಕಂಡದ್ದೋ, ಕಾಣಬೇಕು ಅನ್ನಿಸಿದ್ದೋ? ಒದ್ದೆ ಕಣ್ಣಿಗೆ ಏನೇನೋ ಹೊಳೆಯುತ್ತದೆ. ವನಜ ಬೆಳಿಗ್ಗೆ ಕಾಫಿ ಕೊಡುವಾಗ, ‘ರೀಡಿಂಗ್ ಇನ್ನೊಂದ್ಸಲ ತಗೋತೀರಾ?’ ಎಂದು ಕೇಳುತ್ತಿದ್ದಳು. ಮೊದಮೊದಲು ತಮಾಷೆಗೆ, ಆಮೇಲೆ ಮಂಚದ ಕಡೆ ನೋಡುತ್ತಾ. ಹಾಸಿಗೆಯ ಮೇಲೆ ಧೂಳು ಕೂತರೆ ಅತ್ತೆ ಕೊಡವುತ್ತಿದ್ದರು. ಒಂದು ರಾತ್ರಿ ಊಟದ ಹೊತ್ತಿಗೆ, ಎರಡೇ ಇರಬಹುದು ಅತ್ತೆ, ಎನ್ನಲು ಬಾಯಿ ತೆರೆದೆ. ಅವರು ನನ್ನ ಮುಖ ನೋಡಿ, ಸಾರು ಹಾಕಲಾ ಎಂದರು. ಹಾಕಿ ಎಂದೆ.

ಜೂನ್ ತಿಂಗಳು, ಬೆಳಿಗ್ಗೆ, ತುಂತುರು ಮಳೆ. ಮನೆಯ ಮುಂದೆ ಆಟೋ ನಿಂತಿತು. ಮಗನ ಭುಜ ಹಿಡಿದುಕೊಂಡು, ಕೋಲೂರಿಕೊಂಡು ಒಬ್ಬ ಹೆಂಗಸು ಇಳಿದರು. ಗೇಟಿನ ಹತ್ತಿರ ನಿಂತು, ಮನೆಯನ್ನು ಬಿಟ್ಟು ತಾರಸಿಯ ಕಡೆ ನೋಡಿದರು. ನಾನು ಪೇಪರು ಹಿಡಿದು ಜಗುಲಿಯಲ್ಲಿದ್ದೆ. ಅತ್ತೆ ಒಳಗಿನಿಂದ ಬಂದು ಮೆಟ್ಟಿಲ ಮೇಲೆ ನಿಂತರು. ಇಬ್ಬರೂ ಅಳುತ್ತಾರೆ ಎಂದುಕೊಂಡೆ.

‘ದಪ್ಪ ಆಗಿದೀಯಲ್ಲೇ,’ ಎಂದರು ಅತ್ತೆ.

‘ನೀನು ಬರ್ತೀನಿ ಅಂದೋಳು ಬರ್ಲಿಲ್ಲ, ನನಗೆ ದಪ್ಪ ಅಂತೀಯ. ಬಿಸಿಲಲ್ಲಿ ನಿಂತೂ ನಿಂತೂ ಕೋಡುಬಳೆ ಮೆತ್ತಗಾಯ್ತು.’

ಒಳಗೆ ಕೂತ ಮೇಲೆ ನನಗೆ ತಡೆಯಲಾಗಲಿಲ್ಲ. ಅತ್ತೆಗಿತ್ತು ಕಾನೂನು, ನನಗೇನು? ಎಷ್ಟು ಸಲ ಹೊಳೆಸಿದಿರಿ ಎಂದು ಕೇಳಿಯೇಬಿಟ್ಟೆ. ವನಜ ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು.

‘ಎರಡು,’ ಎಂದರು ರಾಜಲಕ್ಷ್ಮಿ.

ವನಜ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

‘ಹಡಗು ಒಳಗೆ ಬರಲ್ಲ ಅಂತ ಅಲ್ಲಿದ್ದೋರು ಹೇಳಿದ್ರು. ಈ ಮಂಡಿ ಇಟ್ಕೊಂಡು ನಾನಿನ್ನು ಎಲ್ಲಿಗೆ ಹೋಗ್ಲಿ, ಆಗಲ್ಲ ಕಣೇ ಅಂತ ಎರಡು ಸಲ ಹೊಳೆಸ್ದೆ. ಕನ್ನಡಿ ಎಲ್ಲಿತ್ತು, ಕೋಡುಬಳೆ ಡಬ್ಬಿ ಮುಚ್ಚಳ. ಆಮೇಲೆ ಹಡಗು ತಿರುಗ್ತು ನೋಡು.’ ಕೋಲನ್ನು ಪಕ್ಕಕ್ಕೆ ಒರಗಿಸಿದರು. ‘ಮನಸ್ಸು ತಡೀಲಿಲ್ಲ. ಇನ್ನೊಂದು ಹೊಳೆಸ್ಬಿಟ್ಟೆ. ಹೊಳೆಸಿದ ಮೇಲೆ ಬರ್ಬೇಕಲ್ಲ.’

ಚೀಲದಿಂದ ಮುಚ್ಚಳ ತೆಗೆದು ಅತ್ತೆಯ ಕೈಗೆ ಕೊಟ್ಟರು. ‘ನೋಡು ಪದಾವತಿ, ನಿನ್ನ ಮುಚ್ಚಳ.’ ಅತ್ತೆ ಒತ್ತಿಲ್ಲದ ಜಾಗವನ್ನು ಬೆರಳಲ್ಲಿ ಸವರಿದರು.

‘ನಾನು ಒಂದು ಹೊಳೆಸಿದ್ದು ಕಾಣಿಸ್ತಾ?’

‘ಇಲ್ಲ ಕಣೇ. ಕಣ್ಣಿಗೆ ಪೊರೆ ಬಂದಿದೆ. ನೀನು ಕರೀದೇನೇ ಬಂದೆ.’

‘ಕರ್ದಿದ್ದೆ,’ ಎಂದರು ಅತ್ತೆ.

ರಾಜಲಕ್ಷ್ಮಿ ಮಳೆಗಾಲ ಅರ್ಧ ಮುಗಿಯುವವರೆಗೆ ಇದ್ದರು. ಇಬ್ಬರೂ ಚಾಮರಾಜಪೇಟೆಗೆ ಹೋಗಿ ಹಳೆಯ ತಾರಸಿಗಳನ್ನು ಹುಡುಕಿದರು. ಒಂದರ ಜಾಗದಲ್ಲಿ ಅಪಾರ್ಟ್‌ಮೆಂಟು, ಇನ್ನೊಂದರ ಮೇಲೆ ಮೊಬೈಲ್ ಟವರು. ಟವರ್ ನೋಡಿ ಇಬ್ಬರಿಗೂ ನಗು. ಹೊರಡುವ ದಿನ ರಾಜಲಕ್ಷ್ಮಿ ಮುಚ್ಚಳವನ್ನು ಮರೆತು ಬಿಟ್ಟುಹೋದರು. ಮರೆತದ್ದಲ್ಲ ಎಂದು ವನಜ ಅನ್ನುತ್ತಾಳೆ. ನಾನು ಕಾಣದ್ದನ್ನು ಬರೆಯುವುದಿಲ್ಲ. ಆಮೇಲೆ ಎರಡು ಬೇಸಿಗೆ ರಾಜಲಕ್ಷ್ಮಿ ಬಂದರು, ಒಂದು ದಸರೆಗೆ ಅತ್ತೆ ಹೋದರು. ರೈಲಿನಲ್ಲಿ.

ಕಳೆದ ವರ್ಷ ಪದ್ಮತ್ತೆ ತೀರಿಕೊಂಡರು. ಮೂರನೆಯ ಹೊಳಪನ್ನು ಅವರು ಕೊನೆಯವರೆಗೂ ಕಂಡವರ ಹಾಗೆಯೇ ಹೇಳುತ್ತಿದ್ದರು.

ಆ ಮಧ್ಯಾಹ್ನವನ್ನು ಕಂಡವರಲ್ಲಿ ಈಗ ಇರುವವರು ಇಷ್ಟು ಜನ. ಐಸ್‌ಕ್ರೀಂ ಕೌಂಟರಿಗೂ ಟೇಬಲ್ ಟೆನಿಸ್ ಮೇಜಿಗೂ ನಡುವೆ ನಿಂತಿದ್ದ ನಾನು, ಮೂರು ಕಂಡವನು. ನನ್ನ ಹೆಂಡತಿ ವನಜ, ಎರಡು ಕಂಡವಳು. ನಂಜೇಗೌಡರು ಈಗಲೂ ಪಾರ್ಕಿಗೆ ಬರುತ್ತಾರೆ, ಅದು ಆಟೋ ಎಂಬ ಮಾತನ್ನು ಬಿಟ್ಟಿಲ್ಲ. ಮತ್ತು ದಡದ ಮೇಲಿದ್ದ ರಾಜಲಕ್ಷ್ಮಿಯವರು. ಭಾನುವಾರದ ಹೊತ್ತು ಅವರು ನನಗೆ ಫೋನು ಮಾಡುತ್ತಾರೆ. ಮಂಡಿ ಹೇಗಿದೆ ಎಂದು ಕೇಳುತ್ತೇನೆ, ಮಳೆ ಬಂತೇ ಎಂದು ಅವರು ಕೇಳುತ್ತಾರೆ. ಮಾತು ಮುಗಿದ ಮೇಲೆ, ಮೊದಲೆಲ್ಲ ‘ಇಡ್ತೀನಪ್ಪ’ ಅನ್ನುತ್ತಿದ್ದವರು ಈಗ ‘ಸರಿ ಹಾಗಾದ್ರೆ, ಬರ್ತೀನಿ’ ಅನ್ನುತ್ತಾರೆ.

‘ಬನ್ನಿ,’ ಅನ್ನುತ್ತೇನೆ. ಮಂಚ ಇನ್ನೂ ಅಲ್ಲೇ ಇದೆ.